ಕಾರ್ಡಿನ ಮೇಲೆ ಬರೆದಿದ್ದ ಓ

ಗದಗಿನ ಒಂದು ಕಾಲೇಜಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಮತ್ತು ಊರಿನ ಕೆಲವು ಹಿರಿಯರ ಮುಂದೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಬ್ಲಡ್ ಬ್ಯಾಂಕಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು. 24 ವರ್ಷ ಆಯಿತು. ರಾತ್ರಿ ಪಾಳಿಯಲ್ಲಿ ಕಿಟಕಿ ಬಡಿದು ಬರುವ ಮಾತು ಹೆಚ್ಚುಕಡಿಮೆ ಒಂದೇ ಇರುತ್ತದೆ. "ಅಕ್ಕಾರ, ನಾನು ಅವನ ಖಾಸ ತಮ್ಮ ಅದೀನ್ರಿ. ನನ್ನ ರಕ್ತ ತಗೊಂಡು ಅವಗ ಹಾಕ್ರಿ." ಪರೀಕ್ಷೆ ಮಾಡಿ ನೋಡಿದರೆ ಅಣ್ಣನದು ಎ, ತಮ್ಮನದು ಬಿ. ಹೊಂದುವುದಿಲ್ಲ ಅಂದಾಗ ಅವನ ಮುಖ ಸಣ್ಣದಾಗುತ್ತದೆ. "ಒಂದ ತಾಯಿ ಹೊಟ್ಟ್ಯಾಗ ಹುಟ್ಟೀವ್ರಿ, ಹೆಂಗ ಹೊಂದೂದಿಲ್ಲ?" ಅನ್ನುತ್ತಾನೆ.

ಒಡಹುಟ್ಟಿದವರನ್ನು ನಾವು ರಕ್ತ ಹಂಚಿಕೊಂಡು ಹುಟ್ಟಿದವರು ಅಂತೀವಿ ಅಲ್ವಾ? ಆ ಮಾತಿನಲ್ಲಿ ಹಂಚಿಕೆ ಅನ್ನುವ ಪದ ಬಹಳ ಸರಿಯಾಗಿದೆ. ಅಪ್ಪನ ಹೊಲ ಹಂಚುವಾಗ ಒಬ್ಬನ ಪಾಲಿಗೆ ಎರೆ ಬರುತ್ತದೆ, ಇನ್ನೊಬ್ಬನ ಪಾಲಿಗೆ ಮಸಾರಿ ಬರುತ್ತದೆ. ಹಾಗೆಯೇ ಅಪ್ಪ ಅವ್ವನ ಜೀನುಗಳೂ ಹಂಚಿಕೆಯಾಗುತ್ತವೆ. ರಕ್ತದ ಗುಂಪಿನ ವಿಷಯದಲ್ಲಿ ಪ್ರತಿಯೊಬ್ಬರ ಹತ್ತಿರ ಎರಡು ಪ್ರತಿ ಇರುತ್ತವೆ. ಅಪ್ಪನಿಂದ ಒಂದು, ಅವ್ವನಿಂದ ಒಂದು. ಅಪ್ಪನ ಹತ್ತಿರ ಎ ಮತ್ತು ಓ ಇವೆ ಅಂದುಕೊಳ್ಳಿ, ಅವ್ವನ ಹತ್ತಿರ ಬಿ ಮತ್ತು ಓ. ಅವರಿಗೆ ನಾಲ್ಕು ಮಕ್ಕಳಾದರೆ ನಾಲ್ವರದೂ ಬೇರೆ ಬೇರೆ ಗುಂಪು ಆಗಬಹುದು. ಒಂದಕ್ಕೆ ಎ, ಒಂದಕ್ಕೆ ಬಿ, ಒಂದಕ್ಕೆ ಎಬಿ, ಒಂದಕ್ಕೆ ಓ. ಒಂದೇ ಮನೆ, ಒಂದೇ ತಾಟಿನ ಊಟ, ನಾಲ್ಕು ಗುಂಪು.

ಈಗ ಒಂದು ಕೆಲಸ ಮಾಡಿ. ನಿಮ್ಮ ಹತ್ತಿರ ಕಾಲೇಜಿನ ಐಡಿ ಕಾರ್ಡೋ ಡ್ರೈವಿಂಗ್ ಲೈಸೆನ್ಸೋ ಇದ್ದರೆ ತೆಗೆದು ನೋಡಿ. ರಕ್ತದ ಗುಂಪು ಬರೆದಿದೆಯಾ? ಅದನ್ನು ಯಾವಾಗ, ಯಾರು, ಹೇಗೆ ಪರೀಕ್ಷೆ ಮಾಡಿದರು ಅಂತ ನೆನಪಿದೆಯಾ? ಇಲ್ಲಿ ಕೂತವರಲ್ಲಿ ಮೂವರು ಕೈ ಎತ್ತಿದ್ದೀರಿ. ಉಳಿದವರಿಗೆ ನೆನಪಿಲ್ಲ. ಆ ಒಂದು ಅಕ್ಷರ ಹೇಗೆ ಬರುತ್ತದೆ, ಅದನ್ನು ಎಷ್ಟು ನಂಬಬೇಕು ಅನ್ನುವುದನ್ನು ಹೇಳಲು ಇವತ್ತು ಬಂದಿದ್ದೇನೆ. ಅರ್ಧ ಪರೀಕ್ಷೆ ಮಾಡಿ ಬರೆದ ಅಕ್ಷರ ಒಬ್ಬರ ಪ್ರಾಣಕ್ಕೂ ಕುತ್ತು ತರಬಹುದು, ಒಬ್ಬ ಹೆಣ್ಣುಮಗಳ ಮಾನಕ್ಕೂ ಕುತ್ತು ತರಬಹುದು. ಎರಡನ್ನೂ ನಾನು ಹತ್ತಿರದಿಂದ ನೋಡಿದ್ದೇನೆ.

ಮೊದಲು ಗುಂಪು ಅಂದರೆ ಏನು ಅಂತ ನೋಡೋಣ.

ಒಂದು ಹನಿ ರಕ್ತದಲ್ಲಿ 20 ಕೋಟಿಗೂ ಜಾಸ್ತಿ ಕೆಂಪು ಕಣಗಳಿರುತ್ತವೆ. ಒಂದೊಂದು ಕಣದ ಮೈಮೇಲೂ ಸಣ್ಣ ಸಣ್ಣ ಸಕ್ಕರೆಯ ಎಳೆಗಳಿವೆ. ಇದನ್ನು ನಾನು ಗೋಡೆ ಮತ್ತು ಗೂಟ ಅಂತ ಹೇಳಿಕೊಡುತ್ತೇನೆ. ಹಳೆಯ ಮನೆಗಳಲ್ಲಿ ಅಂಗಿ, ಟೊಪ್ಪಿಗೆ ತೂಗುಹಾಕಲು ಗೋಡೆಗೆ ಗೂಟ ಹೊಡೆದಿರುತ್ತಾರಲ್ಲ, ಹಾಗೆ. ಕಣದ ಮೈ ಗೋಡೆ. ಅದರ ಮೇಲಿನ ಗೂಟಕ್ಕೆ ಎಚ್ ಅಂತ ಹೆಸರು. ಎ ಜೀನು ಇದ್ದವರ ದೇಹದಲ್ಲಿ ಒಂದು ಕಿಣ್ವ ತಯಾರಾಗುತ್ತದೆ. ಅದು ಗೂಟಕ್ಕೆ ಒಂದು ಬಗೆಯ ಸಕ್ಕರೆಯನ್ನು ತೂಗುಹಾಕುತ್ತದೆ. ಬಿ ಜೀನಿನ ಕಿಣ್ವ ಇನ್ನೊಂದು ಬಗೆಯ ಸಕ್ಕರೆಯನ್ನು ತೂಗುಹಾಕುತ್ತದೆ. ಎರಡೂ ಜೀನು ಇದ್ದರೆ ಎರಡೂ ಸಕ್ಕರೆ ಕಾಣುತ್ತವೆ, ಅದು ಎಬಿ. ಓ ಗುಂಪಿನವರಲ್ಲಿ ಗೂಟ ಇರುತ್ತದೆ, ಅದರ ಮೇಲೆ ಏನೂ ಇರುವುದಿಲ್ಲ.

ಈ ಜೀನು ಇರುವುದು 9ನೇ ಕ್ರೋಮೋಸೋಮಿನ ಮೇಲೆ. ಎ ಕಿಣ್ವಕ್ಕೂ ಬಿ ಕಿಣ್ವಕ್ಕೂ ಇರುವ ವ್ಯತ್ಯಾಸ ಬರೀ 4 ಅಮೈನೋ ಆಮ್ಲಗಳದ್ದು. ಓ ಅಂದರೆ ಸಾಮಾನ್ಯವಾಗಿ ಆ ಜೀನಿನ ಬರಹದಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿರುತ್ತದೆ. ಒಂದು ಅಕ್ಷರ ಬಿಟ್ಟರೆ ಮುಂದಿನ ಓದೆಲ್ಲ ತಪ್ಪುತ್ತದೆ, ಕಿಣ್ವ ಕೆಲಸಕ್ಕೆ ಬಾರದಂತಾಗುತ್ತದೆ. 1990ರಲ್ಲಿ ಇದು ಗೊತ್ತಾಯಿತು. ನನಗೆ ಇವತ್ತಿಗೂ ಬೆರಗು. ಒಂದು ಅಕ್ಷರದ ತಪ್ಪು ಲೋಕದ ಕೋಟಿ ಕೋಟಿ ಜನರ ಮೈಯಲ್ಲಿದೆ, ಅವರೆಲ್ಲ ಆರಾಮಾಗಿ ಇದ್ದಾರೆ.

ಇನ್ನು ರಕ್ತದ ತಿಳಿ. ರಕ್ತವನ್ನು ನಳಿಕೆಯಲ್ಲಿ ಬಿಟ್ಟರೆ ಮೇಲೆ ಹಳದಿ ತಿಳಿ ನಿಲ್ಲುತ್ತದಲ್ಲ, ಅದನ್ನೇ ಸೀರಮ್ ಅನ್ನುತ್ತಾರೆ. ನಮ್ಮ ಕಣದ ಮೇಲೆ ಯಾವ ಸಕ್ಕರೆ ಇಲ್ಲವೋ ಅದರ ವಿರುದ್ಧದ ಕಾವಲುಗಾರರು ಈ ತಿಳಿಯಲ್ಲಿರುತ್ತಾರೆ. ಅವರೇ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು. ಎ ಗುಂಪಿನವರ ತಿಳಿಯಲ್ಲಿ ಬಿ ವಿರುದ್ಧದ ಕಾವಲು. ಬಿ ಗುಂಪಿನವರಲ್ಲಿ ಎ ವಿರುದ್ಧ. ಓ ಗುಂಪಿನವರಲ್ಲಿ ಎರಡರ ವಿರುದ್ಧವೂ. ಎಬಿಯವರಲ್ಲಿ ಯಾವುದೂ ಇಲ್ಲ. ಹುಟ್ಟಿದ ಕೂಸಿನಲ್ಲಿ ಇವು ತಯಾರಾಗಿರುವುದಿಲ್ಲ. ಹೊಟ್ಟೆಯಲ್ಲಿ ನೆಲೆ ನಿಲ್ಲುವ ಬ್ಯಾಕ್ಟೀರಿಯಾಗಳ ಮೇಲೂ ಇಂಥವೇ ಸಕ್ಕರೆಗಳಿರುತ್ತವೆ. ಅವುಗಳನ್ನು ನೋಡಿ ನೋಡಿ 3ರಿಂದ 6 ತಿಂಗಳಲ್ಲಿ ಕೂಸಿನ ದೇಹ ಕಲಿತುಕೊಳ್ಳುತ್ತದೆ.

ಇದನ್ನೆಲ್ಲ ಮೊದಲು ಕಂಡವನು ಕಾರ್ಲ್ ಲ್ಯಾಂಡ್‌ಸ್ಟೈನರ್. ವಿಯೆನ್ನಾದವನು. ತನ್ನ ರಕ್ತ, ತನ್ನ ಜತೆ ಕೆಲಸ ಮಾಡುವವರ ರಕ್ತ ತೆಗೆದು, ಒಬ್ಬರ ಕಣಕ್ಕೆ ಇನ್ನೊಬ್ಬರ ತಿಳಿ ಸೇರಿಸಿ ಸೇರಿಸಿ ನೋಡಿದ. ಕೆಲವು ಜೋಡಿ ಗಂಟು ಕಟ್ಟಿದವು, ಕೆಲವು ಕಟ್ಟಲಿಲ್ಲ. 1901ರಲ್ಲಿ ಮೂರು ಗುಂಪುಗಳನ್ನು ಹೇಳಿದ. ನಾಲ್ಕನೆಯದಾದ ಎಬಿಯನ್ನು 1902ರಲ್ಲಿ ಡಿಕಾಸ್ಟೆಲ್ಲೋ ಮತ್ತು ಸ್ಟುರ್ಲಿ ಕಂಡರು. ಲ್ಯಾಂಡ್‌ಸ್ಟೈನರ್‌ಗೆ 1930ರಲ್ಲಿ ನೊಬೆಲ್ ಬಂತು. ಜೂನ್ 14ರಂದು ನೀವು ರಕ್ತದಾನದ ಶಿಬಿರ ಮಾಡುತ್ತೀರಲ್ಲ, ಅದು ಅವನು ಹುಟ್ಟಿದ ದಿನ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಸಲೋನಿಕಾದಲ್ಲಿ ಹಿರ್ಷ್‌ಫೆಲ್ಡ್ ದಂಪತಿ ಬೇರೆ ಬೇರೆ ದೇಶದ ಸೈನಿಕರ ರಕ್ತ ಪರೀಕ್ಷಿಸಿದರು. ಭಾರತದ ಸೈನಿಕರಲ್ಲಿ ಬಿ ಜಾಸ್ತಿ ಅಂತ ಮೊದಲು ಗೊತ್ತಾಗಿದ್ದು ಆಗ. ನಮ್ಮ ಬ್ಲಡ್ ಬ್ಯಾಂಕಿನ ಫ್ರಿಜ್ ತೆಗೆದರೆ ಇವತ್ತೂ ಅದೇ. ಓ ಮತ್ತು ಬಿ ಚೀಲಗಳೇ ಜಾಸ್ತಿ.

ಈಗ ಪರೀಕ್ಷೆಗೆ ಬರೋಣ.

ಶಿಬಿರಗಳಲ್ಲಿ ನೀವು ನೋಡಿರುವುದು ಸ್ಲೈಡ್ ಪರೀಕ್ಷೆ. ಬಿಳಿ ಹಂಚಿನ ಮೇಲೋ ಗಾಜಿನ ಮೇಲೋ ಮೂರು ಹನಿ ಬಿಡುತ್ತಾರೆ. ಒಂದು ನೀಲಿ, ಒಂದು ಹಳದಿ, ಒಂದಕ್ಕೆ ಬಣ್ಣವಿಲ್ಲ. ನೀಲಿ ಎ ಹುಡುಕುವ ಔಷಧಿ, ಹಳದಿ ಬಿ ಹುಡುಕುವುದು, ಬಣ್ಣವಿಲ್ಲದ್ದು ಪಾಸಿಟಿವ್ ನೆಗೆಟಿವ್ ಹೇಳುವುದು. ಬೆರಳು ಚುಚ್ಚಿ ಒಂದೊಂದಕ್ಕೂ ಒಂದೊಂದು ಹನಿ ರಕ್ತ ಹಾಕಿ, ಬೇರೆ ಬೇರೆ ಕಡ್ಡಿಯಿಂದ ಕಲಸಿ, ಹಂಚನ್ನು ಮೆಲ್ಲಗೆ ಆ ಕಡೆ ಈ ಕಡೆ ಓಲಾಡಿಸುತ್ತಾರೆ. ಝುಣಕಾ ಮಾಡುವಾಗ ಕಡಲೆಹಿಟ್ಟು ಕೈ ತಪ್ಪಿ ಗಂಟಾಗುತ್ತದಲ್ಲ, ಹಾಗೆ ಕಣ್ಣೆದುರೇ ರಕ್ತ ಗಂಟುಗಂಟಾಗುತ್ತದೆ. ಗಂಟಾಯಿತು ಅಂದರೆ ಆ ಸಕ್ಕರೆ ಇದೆ. ಇದು ಗಾಯದ ಮೇಲೆ ರಕ್ತ ಹೆಪ್ಪುಗಟ್ಟುವ ಹಾಗಲ್ಲ. ಅದು ಬೇರೆಯದೇ ಕೆಲಸ. ಇಲ್ಲಿ ಪ್ರತಿಕಾಯದ ಒಂದೊಂದು ತೋಳು ಒಂದೊಂದು ಕಣ ಹಿಡಿದು ಎಳೆಯುತ್ತದೆ, ಅಷ್ಟೇ.

2 ನಿಮಿಷದೊಳಗೆ ಓದಿ ಮುಗಿಸಬೇಕು. ಗದಗಿನ ಮೇ ತಿಂಗಳ ಬಿಸಿಲು ನಿಮಗೇ ಗೊತ್ತು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮೇಲೆ ಫ್ಯಾನು, ಮುಂದೆ 200 ಹುಡುಗರ ಸಾಲು. ಹನಿ ಅಂಚಿನಿಂದ ಒಣಗಲು ಶುರುವಾಗುತ್ತದೆ. ಒಣಗಿದ ಅಂಚು ಗಂಟಿನ ಹಾಗೇ ಕಾಣುತ್ತದೆ. ದಣಿದ ಕಣ್ಣಿಗೆ ಸಣ್ಣ ಗಂಟು ಕಾಣದೇ ಹೋಗುವುದೂ ಉಂಟು. ಶಿಬಿರ ಮಾಡುವವರನ್ನು ನಾನು ಬೈಯುತ್ತಿಲ್ಲ. ನಾನೇ ಅಂಥ ಎಷ್ಟೋ ಶಿಬಿರಗಳಲ್ಲಿ ಕೂತಿದ್ದೇನೆ. ಅದು ಒಂದು ಅಂದಾಜು. ಅದೇ ಅಂದಾಜು ಕಾರ್ಡಿಗೆ ಇಳಿದು, ಕಾರ್ಡಿನಿಂದ ಲೈಸೆನ್ಸಿಗೆ ಹೋಗಿ, ಲೈಸೆನ್ಸಿನಿಂದ ಮದುವೆಯ ಬಯೋಡೇಟಾಕ್ಕೆ ಹೋಗುವಷ್ಟರಲ್ಲಿ ಸತ್ಯ ಅನ್ನಿಸಿಕೊಂಡುಬಿಡುತ್ತದೆ.

ಬ್ಲಡ್ ಬ್ಯಾಂಕಿನಲ್ಲಿ ನಾವು ಎರಡು ಕಡೆಯಿಂದ ಕೇಳುತ್ತೇವೆ. ಮೊದಲು ಕಣವನ್ನು ಕೇಳುವುದು. ಕಣಗಳನ್ನು ಉಪ್ಪುನೀರಿನಲ್ಲಿ, ಅಂದರೆ ಸಲೈನಿನಲ್ಲಿ ತೊಳೆದು ತೆಳ್ಳಗೆ ಮಾಡಿ, ಸಣ್ಣ ಗಾಜಿನ ನಳಿಕೆಯಲ್ಲಿ ಔಷಧಿಯ ಜತೆ ಸೇರಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತೇವೆ. ಕಣಗಳು ತಳಕ್ಕೆ ಹೋಗಿ ಗುಂಡಿಯ ಹಾಗೆ ಕೂರುತ್ತವೆ. ಆಮೇಲೆ ನಳಿಕೆಯನ್ನು ಬೆಳಕಿಗೆ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಬೇಕು. ಹೊಸಬರು ಇಲ್ಲೇ ತಪ್ಪುವುದು. ಜೋರಾಗಿ ತಟ್ಟಿದರೆ ಬಡಪಾಯಿ ಗಂಟು ಒಡೆದುಹೋಗುತ್ತದೆ. ಮೆಲ್ಲಗೆ ತಟ್ಟಿದಾಗ ಗುಂಡಿ ಇಡಿಯಾಗಿ ಎದ್ದರೆ 4 ಪ್ಲಸ್. ಹೊಗೆಯ ಹಾಗೆ ಕರಗಿ ಹರಡಿದರೆ ನೆಗೆಟಿವ್. ನಡುವೆ 3, 2, 1 ಇವೆ. ಈಗ ಜೆಲ್ ಕಾರ್ಡ್ ಬಂದಿದೆ, ಕೈಯ ತಟ್ಟುವಿಕೆ ಮೇಲೆ ಅಷ್ಟು ನಿಂತಿಲ್ಲ.

ಆಮೇಲೆ ತಿಳಿಯನ್ನು ಕೇಳುವುದು. ಇದಕ್ಕೆ ರಿವರ್ಸ್ ಗ್ರೂಪಿಂಗ್ ಅನ್ನುತ್ತಾರೆ. ರೋಗಿಯ ತಿಳಿಗೆ ನಮಗೆ ಗೊತ್ತಿರುವ ಎ ಕಣ, ಬಿ ಕಣ, ಓ ಕಣ ಸೇರಿಸಿ ನೋಡುತ್ತೇವೆ. ಕಣ ಹೇಳಿದ್ದಕ್ಕೂ ತಿಳಿ ಹೇಳಿದ್ದಕ್ಕೂ ತಾಳೆಯಾಗಬೇಕು. ಕಣ ಓ ಅಂದರೆ, ತಿಳಿ ಎ ಕಣವನ್ನೂ ಬಿ ಕಣವನ್ನೂ ಗಂಟು ಕಟ್ಟಿಸಬೇಕು, ಓ ಕಣವನ್ನು ಸುಮ್ನೆ ಬಿಡಬೇಕು. ತಾಳೆಯಾಗದಿದ್ದರೆ ಗುಂಪನ್ನು ಬರೆಯುವ ಹಾಗಿಲ್ಲ, ಎಷ್ಟೇ ಅವಸರ ಇರಲಿ.

ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಹೆಣ್ಣುಮಗಳ ವಿಷಯ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನಡೆದದ್ದು. ಚೊಚ್ಚಲ ಬಸಿರು, ದಿನ ತುಂಬಿತ್ತು, ಹಿಮೋಗ್ಲೋಬಿನ್ 6. ಊರ ಕಡೆಯಿಂದ ಹುಬ್ಬಳ್ಳಿಗೆ ಕಳಿಸಿದ್ದರು. ಕೈಯಲ್ಲಿ ಶಾಲೆಯ ಶಿಬಿರದಲ್ಲಿ ಕೊಟ್ಟ ಕಾರ್ಡು. ಓ ಪಾಸಿಟಿವ್. ಗಂಡನೂ ಓ ಪಾಸಿಟಿವ್. "ಅಕ್ಕಾರ, ನಂದ ಹೊಂದತೈತ್ರಿ, ತಗೋರಿ" ಅಂತ ತೋಳು ಮಡಚಿಕೊಂಡು ನಿಂತಿದ್ದ.

ಕಣದ ಪರೀಕ್ಷೆ ಮಾಡಿದೆ. ಓ. ಸರಿ ಅಂತ ಒಂದು ಓ ಚೀಲ ತೆಗೆದು ಕ್ರಾಸ್‌ಮ್ಯಾಚ್ ಮಾಡಿದೆ. ಚೀಲದ ಕಣಕ್ಕೆ ಆಕೆಯ ತಿಳಿ ಸೇರಿಸಿದರೆ ಗಟ್ಟಿ ಗಂಟು. 4 ಪ್ಲಸ್. ನನ್ನ ಕೈ ತಪ್ಪಿರಬೇಕು ಅಂದುಕೊಂಡು ಇನ್ನೊಂದು ಚೀಲ ತೆಗೆದೆ. ಗಂಟು. ಮೂರನೆಯದೂ ಗಂಟು. ನಮ್ಮ ಹಿರಿಯ ಟೆಕ್ನಿಷಿಯನ್ ಸರ್ ಪಕ್ಕದಲ್ಲೇ ಇದ್ದರು. ಚೀಲ ಒಳಗಿಡು ಅಂದರು. ತಿಳಿಯ ಪರೀಕ್ಷೆ ಪೂರ್ತಿ ಮಾಡಿದ್ದೀಯಾ, ಓ ಕಣ ಸೇರಿಸಿ ನೋಡಿದ್ದೀಯಾ ಅಂತ ಕೇಳಿದರು. ಅವಸರದಲ್ಲಿ ನಾನು ಎ ಮತ್ತು ಬಿ ಕಣಗಳಿಗೆ ನಿಲ್ಲಿಸಿದ್ದೆ. ಓ ಕಣ ಸೇರಿಸಿದೆ. ಅದನ್ನೂ ಆಕೆಯ ತಿಳಿ ಗಂಟು ಕಟ್ಟಿಸಿತು.

ಓ ಗುಂಪಿನವರ ತಿಳಿ ಓ ಕಣವನ್ನು ಯಾಕೆ ಗಂಟು ಕಟ್ಟಿಸಬೇಕು? ಓ ಕಣದ ಮೇಲೆ ಇರುವುದು ಬರೀ ಗೂಟ. ಅಂದರೆ ಆಕೆಯ ತಿಳಿ ಗೂಟವನ್ನೇ ಪರಕೀಯ ಅನ್ನುತ್ತಿದೆ. ಸರ್ ಕಪಾಟಿನ ಹಿಂದಿನಿಂದ ಆಂಟಿ ಎಚ್ ಶೀಶೆ ತೆಗೆದರು. ಅದು ಗೂಟವನ್ನು ಹುಡುಕುವ ಔಷಧಿ. ಸಾದಾ ಓ ಕಣದ ಜತೆ ಸೇರಿಸಿದರೆ ಎಲ್ಲಕ್ಕಿಂತ ಜೋರಾಗಿ ಗಂಟು ಕಟ್ಟುತ್ತದೆ. ಆಕೆಯ ಕಣಕ್ಕೆ ಸೇರಿಸಿದೆವು. ನಳಿಕೆ ತಟ್ಟಿದೆವು. ಹೊಗೆಯ ಹಾಗೆ ಕರಗಿತು. ಗೋಡೆಯಲ್ಲಿ ಗೂಟವೇ ಇರಲಿಲ್ಲ.

ಇದಕ್ಕೆ ಬಾಂಬೆ ಗುಂಪು ಅಂತ ಹೆಸರು. 1952ರಲ್ಲಿ ಮುಂಬೈಯಲ್ಲಿ ಡಾಕ್ಟರ್ ವೈ. ಎಂ. ಭೇಂಡೆ ಮತ್ತು ಜತೆಯವರು ಕಂಡುಹಿಡಿದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ನಮ್ಮ ದೇಶದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರಿಗೆ ಇರುತ್ತದೆ ಅನ್ನುವ ಅಂದಾಜಿದೆ. ಯುರೋಪಿನಲ್ಲಿ 10 ಲಕ್ಷಕ್ಕೆ ಒಬ್ಬರು ಸಿಗುವುದೂ ಕಷ್ಟ. ಹಾಗಾಗಿ ಇದು ನಮ್ಮ ಕಡೆಯ ಲ್ಯಾಬುಗಳೇ ಎಚ್ಚರವಾಗಿರಬೇಕಾದ ಗುಂಪು. ಬರೀ ಸ್ಲೈಡ್ ಪರೀಕ್ಷೆಯಲ್ಲಿ ಇವರು ನೂರಕ್ಕೆ ನೂರು ಓ ಅಂತಲೇ ಕಾಣುತ್ತಾರೆ. ಇವರಿಗೆ ಓ ರಕ್ತ ಹಾಕಿದರೆ ಇವರ ತಿಳಿಯ ಕಾವಲುಗಾರರು ಬಂದ ಕಣಗಳನ್ನೆಲ್ಲ ಒಡೆದುಹಾಕುತ್ತಾರೆ. ಇವರಿಗೆ ಇವರ ಗುಂಪಿನವರದೇ ರಕ್ತ ಬೇಕು.

ಆ ರಾತ್ರಿ ಫೋನುಗಳು ಓಡಿದವು. ಅಪರೂಪದ ಗುಂಪಿನ ದಾನಿಗಳ ಪಟ್ಟಿಯಲ್ಲಿ ಬೆಳಗಾವಿ ಕಡೆಯ ಒಬ್ಬರು ಸಿಕ್ಕರು. ಬೆಳಗಿನ ಜಾವದ ಬಸ್ಸು ಹಿಡಿದು ಬಂದರು, ಬಂದವರೇ ನೀರು ಕುಡಿದು ಮಲಗಿ ತೋಳು ಚಾಚಿದರು. ಅವರ ಹೆಸರು ಹೇಳುವುದಿಲ್ಲ. ಅವರ ಮುಖ ಮರೆತಿಲ್ಲ. ತಾಯಿ ಉಳಿದಳು, ಗಂಡು ಕೂಸು ಹುಟ್ಟಿತು.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಕೂಸಿನ ಗುಂಪು ಬಂತು. ಎ ಪಾಸಿಟಿವ್.

ಅತ್ತೆ ಓದು ಬರಹ ಬಲ್ಲವಳು. ಮಗನದು ಓ, ಸೊಸೆಯದು ಓ ಅಂತ ಕಾರ್ಡಿನಲ್ಲಿ ನೋಡಿದ್ದಳು. ಲ್ಯಾಬಿನ ಕಿಟಕಿಗೆ ಬಂದು ದನಿ ತಗ್ಗಿಸಿ ಕೇಳಿದಳು. "ಬಾಯಾರ, ಇಬ್ಬರದೂ ಓ ಇದ್ದರ ಕೂಸಿಂದು ಎ ಹೆಂಗ ಆಕೈತ್ರಿ?" ಆ ಪ್ರಶ್ನೆಯ ಹಿಂದೆ ಏನಿದೆ ಅಂತ ನನಗೆ ಗೊತ್ತಾಯಿತು. ಮೈ ಜುಂ ಅಂತು. ಬರೀ ಕಾರ್ಡು ನೋಡಿದರೆ ಆಕೆಯ ಪ್ರಶ್ನೆ ಸರಿಯಾಗಿಯೇ ಇದೆ. ಸಾದಾ ಓ ಮತ್ತು ಸಾದಾ ಓ ಸೇರಿದರೆ ಎ ಬರುವುದಿಲ್ಲ ಅಂತ ಪುಸ್ತಕವೂ ಹೇಳುತ್ತದೆ.

ಎಲ್ಲರದೂ ಪರೀಕ್ಷೆ ಮಾಡಿದೆವು. ಗಂಡನದು ಎರಡೂ ಕಡೆಯಿಂದ ನಿಜವಾದ ಓ. ಬಾಣಂತಿಯ ತಂದೆಯದು ಎ, ತಾಯಿಯದು ಓ. ಲ್ಯಾಬಿನ ಫಾರ್ಮಿನ ಹಿಂಬದಿಯಲ್ಲಿ ಚಿತ್ರ ಬರೆದು ಆ ಅತ್ತೆಗೆ ತೋರಿಸಿದೆ. ಗೂಟದ ಜೀನು ಬೇರೆ, ಅದು 19ನೇ ಕ್ರೋಮೋಸೋಮಿನ ಮೇಲಿದೆ. ತೂಗುಹಾಕುವ ಜೀನು ಬೇರೆ. ಸೊಸೆಗೆ ತಂದೆಯಿಂದ ಎ ಜೀನು ಬಂದಿದೆ. ಕಿಣ್ವವೂ ತಯಾರಾಗುತ್ತಿದೆ. ತೂಗುಹಾಕಲು ಗೂಟ ಇಲ್ಲದ್ದಕ್ಕೆ ಅದು ಹೊರಗೆ ಕಾಣುತ್ತಿಲ್ಲ. ಅವಳು ಆ ಎ ಜೀನನ್ನು ಕೂಸಿಗೆ ಕೊಟ್ಟಳು. ಗಂಡ ತನ್ನ ಕಡೆಯಿಂದ ಒಳ್ಳೆಯ ಗೂಟದ ಜೀನು ಕೊಟ್ಟ. ಗೂಟ ಸಿಕ್ಕಿತು, ಎ ಕಂಡಿತು. ಅಜ್ಜನ ಗುಂಪು ಮಗಳಲ್ಲಿ ಅಡಗಿ ಕೂತು ಮೊಮ್ಮಗನಲ್ಲಿ ಹೊರಗೆ ಬಂತು. ಮುದುಕಿ ಆ ಕಾಗದವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. "ಇದನ್ನ ಮನ್ಯಾಗ ತೋರಸ್ತೀನ್ರಿ" ಅಂದಳು.

ಆ ರಾತ್ರಿ ಸರ್ ಪಕ್ಕದಲ್ಲಿ ಇಲ್ಲದಿದ್ದರೆ? ನಾನು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಬಾಂಬೆ ಗುಂಪು ಬರಬೇಕಾದರೆ ಅಪ್ಪನ ಕಡೆಯಿಂದಲೂ ಅವ್ವನ ಕಡೆಯಿಂದಲೂ ಕೆಲಸ ಮಾಡದ ಗೂಟದ ಜೀನೇ ಬರಬೇಕು. ಅಂಥದ್ದು ಒಂದೇ ಇದ್ದವರಿಗೆ ಏನೂ ಗೊತ್ತಾಗುವುದಿಲ್ಲ, ಇನ್ನೊಂದು ಪ್ರತಿ ಕೆಲಸ ನಡೆಸುತ್ತದೆ. ಆ ಹೆಣ್ಣುಮಗಳ ಅವ್ವ ಮದುವೆಯಾಗಿದ್ದು ತನ್ನ ಸ್ವಂತ ಸೋದರಮಾವನನ್ನು. ಸೋದರಮಾವ ಮತ್ತು ಸೋದರಸೊಸೆಯ ಮೈಯಲ್ಲಿ ಒಂದೇ ಹಿರಿಯರಿಂದ ಬಂದ ಜೀನುಗಳು ಬಹಳ ಇರುತ್ತವೆ. ಅವರ ಮಕ್ಕಳಿಗೆ ಯಾವುದೇ ಒಂದು ಜೀನಿನ ಎರಡೂ ಪ್ರತಿ ಒಂದೇ ಹಿರಿಯರಿಂದ ಬರುವ ಸಾಧ್ಯತೆ 8ರಲ್ಲಿ 1. ಅತ್ತೆ ಮಗ, ಮಾವನ ಮಗಳು ಮದುವೆಯಾದರೆ 16ರಲ್ಲಿ 1. ನಮ್ಮ ಕಡೆ ಇಂಥ ಮದುವೆಗಳು ಎಷ್ಟು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆಕೆಯ ಒಡಹುಟ್ಟಿದವರಿಗೆ 4ರಲ್ಲಿ 1 ಸಾಧ್ಯತೆ ಇತ್ತು. ಕರೆಸಿ ನೋಡಿದೆವು. ಒಬ್ಬ ತಮ್ಮನದು ಬಾಂಬೆ. ಅವನೂ ಈಗ ದಾನಿಗಳ ಪಟ್ಟಿಯಲ್ಲಿದ್ದಾನೆ.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದಳು. ಮದುವೆಗೆ ಮುಂಚೆ ಹುಡುಗ ಹುಡುಗಿಯ ಗುಂಪು ಒಂದೇ ಇರಬಾರದು ಅಂತಾರಲ್ಲ, ಅದು ಇದಕ್ಕೇನಾ?

ಇಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಬ್ಬರದೂ ಬಿ ಪಾಸಿಟಿವ್ ಆದರೆ ಮಕ್ಕಳಿಗೆ ತೊಂದರೆ ಅನ್ನುವುದು ಪೂರ್ತಿ ತಪ್ಪು. ಒಳ್ಳೆಯ ಸಂಬಂಧಗಳು ಈ ಒಂದು ಮಾತಿಗೆ ಮುರಿದುಬಿದ್ದದ್ದು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ಪರೀಕ್ಷೆ ಮಾಡಿಸುವ ಮನಸ್ಸಿದ್ದರೆ ಥಲಸ್ಸೀಮಿಯಾ, ಸಿಕಲ್ ಸೆಲ್ ಮಾಡಿಸಿ. ಗುಂಪಿನ ವಿಷಯದಲ್ಲಿ ಗಮನ ಕೊಡಬೇಕಾದದ್ದು ಒಂದೇ ಕಡೆ. ಅದು ಹುಡುಗಿ ನೆಗೆಟಿವ್ ಇದ್ದಾಗ. ಅದಕ್ಕೂ ಮದುವೆ ಬಿಡಬೇಕಾಗಿಲ್ಲ, ಇಂಜೆಕ್ಷನ್ ಇದೆ. ಅದಕ್ಕೆ ಬರುತ್ತೇನೆ.

ಅದಕ್ಕಿಂತ ಮೊದಲು ಹುರುಳಿ. ಹುರುಳಿ ಎಲ್ಲರ ಮನೆಯಲ್ಲೂ ಇರುತ್ತದಲ್ಲ. ಸಾರು ಮಾಡುತ್ತೇವೆ, ಎತ್ತಿಗೆ ಬೇಯಿಸಿ ಹಾಕುತ್ತೇವೆ. ಎ ಗುಂಪಿನಲ್ಲಿ ಎ1, ಎ2 ಅಂತ ಒಳಗುಂಪುಗಳಿವೆ. ಎ2ದವರ ಕಣದ ಮೇಲೆ ಸಕ್ಕರೆ ಕಡಿಮೆ. ಹುರುಳಿ ಕಾಳನ್ನು ನೆನೆಸಿ ಅರೆದು ತೆಗೆದ ರಸದಲ್ಲಿ ಲೆಕ್ಟಿನ್ ಅನ್ನುವ ಪ್ರೋಟೀನ್ ಇದೆ. ಸರಿಯಾಗಿ ತೆಳ್ಳಗೆ ಮಾಡಿದರೆ ಅದು ಎ1 ಕಣವನ್ನು ಗಂಟು ಕಟ್ಟಿಸುತ್ತದೆ, ಎ2 ಕಣವನ್ನು ಬಿಡುತ್ತದೆ. 1951ರಲ್ಲಿ ಬರ್ಡ್ ಅನ್ನುವವರು ಇದನ್ನು ಬರೆದದ್ದು ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಇವತ್ತಿಗೂ ಲೋಕದ ಎಲ್ಲ ಕಡೆ ಎ1 ಲೆಕ್ಟಿನ್ ಅಂತ ಶೀಶೆಯಲ್ಲಿ ಬರುವುದು ಹುರುಳಿಯಿಂದ ತೆಗೆದದ್ದೇ. ಬೇಯಿಸಿದ ಮೇಲೆ ಆ ಪ್ರೋಟೀನ್ ಕೆಡುತ್ತದೆ, ಸಾರು ಉಣ್ಣಲು ಹೆದರಬೇಡಿ.

ಈಗ ಪಾಸಿಟಿವ್ ಮತ್ತು ನೆಗೆಟಿವ್. ಇದು ಬೇರೆ ಜೀನು, 1ನೇ ಕ್ರೋಮೋಸೋಮಿನದು. ಇದಕ್ಕೆ ಆರ್‌ಎಚ್ ಡಿ ಅನ್ನುತ್ತಾರೆ. ಡಿ ಸಕ್ಕರೆಯಲ್ಲ, ಪ್ರೋಟೀನ್. ನೆಗೆಟಿವ್ ಆದವರಲ್ಲಿ ಬಹಳ ಸಲ ಆ ಜೀನು ಇಡಿಯಾಗಿ ಇರುವುದೇ ಇಲ್ಲ. ನಮ್ಮ ದೇಶದಲ್ಲಿ 100ಕ್ಕೆ ಸುಮಾರು 5 ಮಂದಿ ನೆಗೆಟಿವ್. ಎ, ಬಿ ವಿರುದ್ಧದ ಕಾವಲು ತಾನಾಗಿ ಬರುತ್ತದೆ, ಡಿ ವಿರುದ್ಧದ್ದು ತಾನಾಗಿ ಬರುವುದಿಲ್ಲ. ಪಾಸಿಟಿವ್ ರಕ್ತ ಮೈಗೆ ಸೇರಿದ ಮೇಲೆ ಬರುತ್ತದೆ.

ತಾಯಿ ನೆಗೆಟಿವ್, ಕೂಸು ಅಪ್ಪನ ಹಾಗೆ ಪಾಸಿಟಿವ್. ಹೆರಿಗೆಯ ಹೊತ್ತಿಗೆ ಕೂಸಿನ ರಕ್ತ ಸ್ವಲ್ಪ ತಾಯಿಗೆ ಸೇರುತ್ತದೆ. ಮೊದಲ ಕೂಸಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ತಾಯಿಯ ದೇಹ ಕಲಿತುಬಿಟ್ಟಿರುತ್ತದೆ. ಎರಡನೇ ಬಸಿರಿನಲ್ಲಿ ಆ ಕಾವಲುಗಾರರು ಮಾಸನ್ನು ದಾಟಿ ಒಳಗೆ ಹೋಗಿ ಕೂಸಿನ ಕಣಗಳನ್ನು ಒಡೆಯುತ್ತಾರೆ. ಕೂಸಿಗೆ ರಕ್ತ ಕಡಿಮೆಯಾಗುತ್ತದೆ, ಜೋರು ಕಾಮಾಲೆ ಆಗುತ್ತದೆ, ಹೊಟ್ಟೆಯಲ್ಲೇ ಹೋಗುವುದೂ ಇದೆ. ಈ ಪ್ರತಿಕಾಯ ಕಣಕ್ಕೆ ಅಂಟಿಕೊಳ್ಳುತ್ತದೆ, ತಾನಾಗಿ ಗಂಟು ಕಟ್ಟಿಸುವುದಿಲ್ಲ. ಅದನ್ನು ಹಿಡಿಯಲು 1945ರಲ್ಲಿ ಕೇಂಬ್ರಿಜಿನ ಕೂಂಬ್ಸ್, ಮೌರಂಟ್, ರೇಸ್ ಒಂದು ಪರೀಕ್ಷೆ ಕೊಟ್ಟರು. ಪ್ರತಿಕಾಯವನ್ನೇ ಹಿಡಿಯುವ ಇನ್ನೊಂದು ಪ್ರತಿಕಾಯ ಸೇರಿಸಿದರೆ ಗಂಟು ಕಾಣುತ್ತದೆ. ನಿಮ್ಮ ಚೀಟಿಯಲ್ಲಿ ಐಸಿಟಿ ಅಂತ ಬರೆದಿರುವುದು ಅದರದೇ ಒಂದು ಬಗೆ.

ತಡೆಯಲು ಆಂಟಿ ಡಿ ಇಂಜೆಕ್ಷನ್ ಇದೆ. ಬಸಿರಿನ 28ನೇ ವಾರದಲ್ಲಿ ಒಂದು. ಕೂಸು ಪಾಸಿಟಿವ್ ಆದರೆ ಹೆರಿಗೆಯಾದ 72 ತಾಸಿನೊಳಗೆ ಇನ್ನೊಂದು. ಗರ್ಭ ಇಳಿದುಹೋದರೂ ಬೇಕು. ತಾಯಿಯ ದೇಹ ಕಲಿಯುವ ಮೊದಲೇ ಇದು ಕೆಲಸ ಮುಗಿಸುತ್ತದೆ. ಕಲಿತ ಮೇಲೆ ಕೊಟ್ಟರೆ ಉಪಯೋಗವಿಲ್ಲ.

ನಮ್ಮ ಕಡೆ ಇದು ಎಲ್ಲಿ ತಪ್ಪುತ್ತದೆ ಗೊತ್ತಾ? ಚೊಚ್ಚಲ ಹೆರಿಗೆ ತವರಿನಲ್ಲಿ. ತವರು ರೋಣದ ಕಡೆ, ಗಂಡನ ಮನೆ ಶಿಗ್ಗಾವಿ ಕಡೆ. ಹೆರಿಗೆಯ ಕಾಗದ ತವರಿನ ಟ್ರಂಕಿನಲ್ಲಿ ಉಳಿಯುತ್ತದೆ. ಎರಡನೇ ಬಸಿರಿಗೆ ಗಂಡನ ಊರಿನ ಆಸ್ಪತ್ರೆ, ಅಲ್ಲಿ ಹೊಸ ತಾಯಿ ಕಾರ್ಡು. ಮೊದಲ ಸಲ ಇಂಜೆಕ್ಷನ್ ಆಗಿತ್ತಾ ಅಂದರೆ "ಯಾವುದೋ ಒಂದು ಸೂಜಿ ಮಾಡಿದ್ರು ರೀ" ಅನ್ನುತ್ತಾರೆ. ಇನ್ನು ಎರಡು ತಿಂಗಳಿಗೆ ಗರ್ಭ ಹೋಗಿದ್ದರೆ ಅತ್ತೆ ಮನೆಯಲ್ಲಿ ಅದನ್ನು ಹೇಳಿಯೇ ಇರುವುದಿಲ್ಲ. ಆಶಾ ಅಕ್ಕಂದಿರೇ, ಇದನ್ನು ಒಬ್ಬರೇ ಇದ್ದಾಗ ಮೆಲ್ಲಗೆ ಕೇಳಿ ತಿಳಿಯಲು ನಿಮ್ಮಿಂದ ಆಗುತ್ತದೆ, ಲ್ಯಾಬಿನಲ್ಲಿ ಕೂತ ನನ್ನಿಂದ ಆಗುವುದಿಲ್ಲ.

ನರ್ಸಿಂಗ್ ಮಕ್ಕಳಿಗೆ ಒಂದು ಮಾತು. ತಪ್ಪು ಗುಂಪಿನ ರಕ್ತ ಹೋಗುವುದಕ್ಕೆ ಜೀನು ಕಾರಣವಾಗುವುದು ಅಪರೂಪ. ಜಾಸ್ತಿ ಸಲ ಕಾರಣ ನಳಿಕೆಯ ಮೇಲಿನ ಹೆಸರು. ಒಮ್ಮೆ ಒಂದೇ ವಾರ್ಡಿನಲ್ಲಿ ಇಬ್ಬರು ಶಾಂತವ್ವ ಇದ್ದರು. ಅಕ್ಕಪಕ್ಕದ ಮಂಚ. ರಕ್ತ ತೆಗೆದ ಮೇಲೆ ಮೇಜಿನ ಹತ್ತಿರ ಹೋಗಿ ಒಟ್ಟಿಗೇ ಹೆಸರು ಅಂಟಿಸಿದ್ದರು. ಅದಲು ಬದಲಾಯಿತು. ಒಬ್ಬ ಶಾಂತವ್ವನದು ವರ್ಷದ ಹಿಂದೆ ನಮ್ಮ ರಿಜಿಸ್ಟರಿನಲ್ಲಿ ಬಿ ಅಂತ ಇತ್ತು, ಈಗ ಎ ಬಂತು. ಗುಂಪು ವರ್ಷಕ್ಕೊಂದು ಬದಲಾಗುವುದಿಲ್ಲ ಅಲ್ವಾ? ಹಾಗಾಗಿ ಹಿಡಿದೆವು. ಹಳೆಯ ದಾಖಲೆ ಇರದಿದ್ದರೆ ಹಿಡಿಯಲು ದಾರಿಯೇ ಇರಲಿಲ್ಲ. ಏಕೆಂದರೆ ನಮ್ಮ ಪರೀಕ್ಷೆ ಸರಿಯಾಗಿಯೇ ಇತ್ತು, ರಕ್ತ ಬೇರೆಯವರದಾಗಿತ್ತು. ಹೆಸರನ್ನು ಮಂಚದ ಪಕ್ಕದಲ್ಲೇ ನಿಂತು ಬರೆಯಿರಿ. "ನಿಮ್ಮ ಹೆಸರು ಶಾಂತವ್ವ ಏನ್ರಿ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ನಿಮ್ಮ ಹೆಸರೇನ್ರಿ, ತಂದಿ ಹೆಸರೇನ್ರಿ?" ಅಂತ ಕೇಳಿ. ರಕ್ತ ಶುರು ಮಾಡಿದ ಮೇಲೆ ಮೊದಲ 15 ನಿಮಿಷ ಅಲ್ಲೇ ಇರಿ. ಚಳಿ, ಜ್ವರ, ಸೊಂಟನೋವು, ಎದೆಯಲ್ಲಿ ಕಸಿವಿಸಿ, ಏನೇ ಅಂದರೂ ಮೊದಲು ರಕ್ತ ನಿಲ್ಲಿಸಿ. ಆಮೇಲೆ ಡಾಕ್ಟರನ್ನು ಕರೆಯಿರಿ.

ಮಾತು ಮುಗಿಸಿ ಚಹಾ ಕುಡಿಯುತ್ತಿದ್ದಾಗ ಒಬ್ಬ ಆಶಾ ಕಾರ್ಯಕರ್ತೆ ತನ್ನ ಡೈರಿ ಹಿಡಿದುಕೊಂಡು ಬಂದರು. ಹಾಳೆ ತಿರುವಿ ತಿರುವಿ ತಮ್ಮ ಊರಿನ ಬಸುರಿಯರಲ್ಲಿ ನೆಗೆಟಿವ್ ಇದ್ದವರಿಗೆ ಪೆನ್ನಿನಿಂದ ಗುರುತು ಹಾಕಿದ್ದರು. ಇಬ್ಬರು. ಒಬ್ಬಳಿಗೆ 26 ವಾರ, ಎರಡನೆಯ ಬಸಿರು. ಮೊದಲನೆಯದು ತವರಿನಲ್ಲಿ ಆಗಿದೆ. ಆಗ ಇಂಜೆಕ್ಷನ್ ಆಗಿದೆಯೋ ಇಲ್ಲವೋ ಡೈರಿಯಲ್ಲಿ ಇಲ್ಲ. "ಮೊದಲ ಐಸಿಟಿ ಮಾಡಸ್ಬೇಕಲ್ರಿ ಅಕ್ಕಾರ?" ಅಂದರು. ಹೌದು ಅಂದೆ. ಆಕೆಯ ತವರಿನ ಊರಿನ ಆಶಾ ಯಾರು ಅಂತ ಅಲ್ಲೇ ಇದ್ದ ಇನ್ನೊಬ್ಬರನ್ನು ಕೇಳಿ ನಂಬರ್ ಬರೆದುಕೊಂಡರು. ಚಹಾ ಪೂರ್ತಿ ಕುಡಿಯದೆ ಫೋನ್ ಹಚ್ಚುತ್ತಾ ಹೊರಗೆ ನಡೆದರು.